ಟೀವಿಯಲ್ಲಿ, ಬಾಯಲ್ಲಿ ಸವೆದುಹೋದ ಮಾತುಗಳು: ನಿಮಗೆ ಯಾವುದು ಸಾಕಾಗಿದೆ?

ಯಗಚಿ ದಂಡೆ, ಬೇಲೂರು

ಮಳೆ ಹಿಡಿದ ಮೇಲೆ ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆ ಸುದ್ದಿ ಟೀವಿಲಿ ಬೆಳಗ್ಗೆಯಿಂದ ರಾತ್ರಿವರೆಗೂ ಓಡ್ತಿದೆ. ಕೇಳಿದಷ್ಟೂ ಸಿಟ್ಟು ಬರುತ್ತೆ. ಈ ಮಾದರಿ ವಾಕ್ಯ ಎಲ್ಲರೂ ಕೇಳಿರ್ತೀರಿ:

"ಈಗಾಗಲೇ ಏನು ಶಿರಾಡಿ ಘಾಟ್ ಏನಿದೆ, ಶಿರಾಡಿ ಘಾಟ್‌ನಲ್ಲಿ ಬಂದ್ಬಿಟ್ಟು ಭೂಕುಸಿತ ಆಗಿರುವಂಥದ್ದು, ಹಾಗಾಗಿ ವಾಹನ ಸವಾರರು ಏನಿದ್ದಾರೆ, ಅವರು ಪರದಾಡುವಂಥ ಪರಿಸ್ಥಿತಿ ನಿರ್ಮಾಣವಾಗಿರುವಂಥದ್ದು."

18 ಪದ. ಇದರಲ್ಲಿ ಸುದ್ದಿ ಇರೋದು ಇಷ್ಟೇ: "ಶಿರಾಡಿ ಘಾಟ್‌ನಲ್ಲಿ ಗುಡ್ಡ ಕುಸಿದಿದೆ. ವಾಹನಗಳು ನಿಂತಿವೆ." ಆರು ಪದ. ಉಳಿದ 12 ಪದದ ಜಾಗದಲ್ಲಿ ಹೇಳಬೇಕಾದ್ದು ಎಷ್ಟಿತ್ತು! ಕುಸಿದಿರೋದು ದೋಣಿಗಲ್ ಹತ್ತಿರವೋ, ಕೆಳಗೆ ಮಾರನಹಳ್ಳಿ ಕಡೆಯೋ? ಒಂದು ಬದಿ ಬಿಟ್ಟಿದ್ದಾರೋ, ಪೂರ್ತಿ ಬಂದೋ? ಲಾರಿಗೆ ಮಾತ್ರ ತಡೆಯೋ, ಬಸ್ಸಿಗೂನಾ? ಮಂಗಳೂರಿಗೆ ಹೊರಟವರು ಚಾರ್ಮಾಡಿ ಹಿಡೀಬೇಕಾ, ಮಡಿಕೇರಿ ಮೇಲೆ ಸಂಪಾಜೆ ಹಿಡೀಬೇಕಾ? ಇದ್ಯಾವುದೂ ಇಲ್ಲ.

ನಿಮಗೆ ಸಾಕಾಗಿರೋ ಮಾತು ಯಾವುದು ಬರೀರಿ. ಬರೀ ಬೈದು ಹೋಗಬೇಡಿ. ಆ ಮಾತಿಂದ ಏನು ಕೆಡುತ್ತೆ, ಬದಲಿಗೆ ಏನು ಹೇಳಬಹುದು ಅನ್ನೋದೂ ಇರಲಿ.

ಅರಸೀಕೆರೆ ಜಂಕ್ಷನ್

"ಮುಗಿಲು ಮುಟ್ಟಿದ ಆಕ್ರಂದನ." ಸಾವಿನ ಮನೆ ಮುಂದೆ ಕ್ಯಾಮೆರಾ ನಿಂತರೆ ಇದೇ. ಮಾರನೇ ದಿನ ಅದೇ ಊರಲ್ಲಿ "ನೀರವ ಮೌನ". ಎರಡೂ ಬೇಡ. ಸತ್ತವರ ಮನೆಯವರ ಮುಖಕ್ಕೆ ಮೈಕ್ ಹಿಡಿಯೋದೂ ಬೇಡ.

ಕನ್ನಡ ಮೇಷ್ಟ್ರು

@ಯಗಚಿ ದಂಡೆ, ಈ "ಅಂಥದ್ದು" ಸುಮ್ಮನೆ ಅಂಟಿಕೊಂಡ ಚಟ ಅಲ್ಲ. ಅದಕ್ಕೊಂದು ಕೆಲಸ ಇದೆ, ಅದು ಗೊತ್ತಾದರೆ ಮಾತ್ರ ಬಿಡಿಸೋಕೆ ಆಗೋದು.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ. ಬರುವಾಗ ಕರ್ತೃವಿನ ಲಿಂಗ, ವಚನ ಎಲ್ಲವನ್ನೂ ಜೊತೆಗೆ ತರುತ್ತದೆ. ಗಾಯಗೊಂಡಿದ್ದಾನೆ, ಗಾಯಗೊಂಡಿದ್ದಾಳೆ, ಗಾಯಗೊಂಡಿದ್ದಾರೆ. ಇದರಲ್ಲಿ ಒಂದನ್ನು ಹೇಳಬೇಕಾದರೆ ಗಾಯ ಯಾರಿಗೆ, ಎಷ್ಟು ಜನಕ್ಕೆ ಅಂತ ವರದಿಗಾರನಿಗೆ ಗೊತ್ತಿರಬೇಕು. "ಗಾಯಗೊಂಡಿರುವಂಥದ್ದು" ಅಂದುಬಿಟ್ಟರೆ ಏನೂ ಗೊತ್ತಿರಬೇಕಿಲ್ಲ, ವಾಕ್ಯ ಮುಗಿಯುತ್ತದೆ. ವಿಚಾರಿಸದೆ ಮಾತಾಡುವವರಿಗೆ ಇದಕ್ಕಿಂತ ಅನುಕೂಲದ ಪ್ರತ್ಯಯ ಬೇರೆ ಸಿಗುವುದಿಲ್ಲ.

ಕಾಲವೂ ಹೋಗುತ್ತದೆ. "ಗೊರೂರು ಡ್ಯಾಂನಿಂದ ನೀರು ಬಿಡುವಂಥದ್ದು" ಅಂದರೆ ಬಿಟ್ಟಾಯಿತೋ, ಈಗ ಬಿಡುತ್ತಿದ್ದಾರೋ, ನಾಳೆ ಬಿಡುತ್ತಾರೋ? ಹೊಳೆ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಬೇಕಾದ ಮಾಹಿತಿ ಆ ಕ್ರಿಯಾಪದದಲ್ಲೇ ಇತ್ತು. ಬಿಟ್ಟಿದ್ದಾರೆ, ಬಿಡುತ್ತಿದ್ದಾರೆ, ಬಿಡಲಿದ್ದಾರೆ. ಮೂರರಲ್ಲಿ ಒಂದು.

ಹಾಗಂತ "ಅಂಥ" ಅನ್ನೋದನ್ನೇ ಓಡಿಸಬೇಕಿಲ್ಲ. "ಇದು ಕುಡಿಯುವಂಥ ನೀರಲ್ಲ", "ಮರೆಯುವಂಥ ಮಾತಲ್ಲ". ಇಲ್ಲೆಲ್ಲ ಅದು ಬಗೆಯನ್ನು, ಯೋಗ್ಯತೆಯನ್ನು ಹೇಳುತ್ತದೆ. ಪರೀಕ್ಷೆ ಸುಲಭ: "ಅಂಥ" ತೆಗೆದು "ತಕ್ಕ" ಅಥವಾ "ಆ ಬಗೆಯ" ಹಾಕಿ ನೋಡಿ. "ಕುಡಿಯಲು ತಕ್ಕ ನೀರಲ್ಲ", ಕೂರುತ್ತದೆ. "ಆಸ್ಪತ್ರೆಗೆ ದಾಖಲಾಗಿರುವ ಬಗೆಯ ಗಾಯಾಳುಗಳು", ಕೂರಲಿಲ್ಲ. ಕೂರದಿದ್ದರೆ ಹೊಡೆದು ಹಾಕಿ, "ದಾಖಲಾದ ಗಾಯಾಳುಗಳು" ಸಾಕು.

ಕೆ.ಆರ್.ಪುರಂ ಹುಡುಗಿ, ಹಾಸನ

"ಏನಿದೆ" ಬಗ್ಗೆಯೂ ಹೇಳಿ ಸರ್. ಅದು ಹಿಂದಿ "ಜೋ ಹೈ" ಅಲ್ವಾ? "ಸರ್ಕಾರ್ ಜೋ ಹೈ" ಇಲ್ಲಿ ಬಂದು "ಸರ್ಕಾರ ಏನಿದೆ" ಆಗಿದೆ.

ಅರಸೀಕೆರೆ ಜಂಕ್ಷನ್

ಎಲ್ಲದಕ್ಕೂ ಹಿಂದಿ ಮೇಲೆ ಗೂಬೆ ಕೂರಿಸಬೇಡಿ. "ಏನು ಬೇಕೋ ಅದು ತಗೋ", "ಯಾರು ಮೊದಲು ಬಂದರೋ ಅವರಿಗೆ". ಕನ್ನಡದಲ್ಲೇ ಈ ಜೋಡಿ ಇದೆ.

ಕನ್ನಡ ಮೇಷ್ಟ್ರು

ಇಬ್ಬರದೂ ಅರ್ಧರ್ಧ ಸರಿ. ಜೋಡಿ ಕನ್ನಡದ್ದೇ, ಆದರೆ ಅದಕ್ಕೆ ಎರಡು ಕಟ್ಟಳೆ ಇವೆ. ಒಂದು, ಕೊನೆಗೆ "ಓ" ಬರಬೇಕು: ಬೇಕೋ, ಬಂದರೋ, ಕೆಟ್ಟಿದೆಯೋ. ಎರಡು, ಯಾವುದು ಅಂತ ಇನ್ನೂ ಗೊತ್ತಾಗದ ವಸ್ತುವಿಗೆ ಮಾತ್ರ. "ಯಾವ ಗೇಟು ಕೆಟ್ಟಿದೆಯೋ ಆ ಗೇಟನ್ನು ಮೊದಲು ಸರಿ ಮಾಡಿ" ಅನ್ನಬಹುದು, ಯಾಕೆಂದರೆ ಯಾವ ಗೇಟು ಅಂತ ಹೇಳಿಲ್ಲ. "ಹೇಮಾವತಿ ಜಲಾಶಯ ಏನಿದೆ" ಅಂದರೆ "ಓ" ಇಲ್ಲ, ಹೆಸರು ಹೇಳಿಯೂ ಆಗಿದೆ. ಹೆಸರಿಟ್ಟ ಮೇಲೆ ಮತ್ತೆ ಏನಿದೆ ಅಂತ ಯಾಕೆ ಕೇಳಬೇಕು? ಬಹುವಚನದಲ್ಲಿ ಇನ್ನೂ ಕಷ್ಟ, "ರೈತರು ಏನಿದ್ದಾರೆ". ಜನರನ್ನು "ಏನು" ಅನ್ನಬಾರದು.

ಇದರ ತಮ್ಮ "ಒಂದು". "ಒಂದು ಸಮಸ್ಯೆಯನ್ನ ಒಂದು ಗಮನಕ್ಕೆ ತರುವಂಥ ಒಂದು ಕೆಲಸ". ಎಣಿಸಲು ಏನೂ ಇಲ್ಲದ ಕಡೆ ಒಂದು ಬೇಡ.

ಡೆಸ್ಕ್ ನಂಬರ್ 4

ಸುದ್ದಿಮನೆ ಕೆಲಸ ಗೊತ್ತಿರೋದರಿಂದ ಬರೀತಿದ್ದೀನಿ. ವರದಿಗಾರರನ್ನಷ್ಟೇ ದೂರೋದು ನ್ಯಾಯ ಅಲ್ಲ.

ನೇರಪ್ರಸಾರದಲ್ಲಿ ಹುಡುಗ ರಸ್ತೆ ಮೇಲೆ ಮಳೆಲಿ ನಿಂತಿರ್ತಾನೆ. ಕೈಲಿ ಇರೋದು ಒಂದು ಸಂಗತಿ. ಕಿವಿಲಿ ಒಳಗಿಂದ "ಇನ್ನೊಂದು ನಿಮಿಷ ಎಳಿ, ಮುಂದಿನ ದೃಶ್ಯ ರೆಡಿ ಇಲ್ಲ" ಅಂತಿರ್ತಾರೆ. ಆಗ ನಾಲಿಗೆ "ಏನಿದೆ", "ಅಂಥದ್ದು", "ಹಿನ್ನೆಲೆಯಲ್ಲಿ", "ಸಂಬಂಧಪಟ್ಟಂತೆ" ಇವನ್ನೇ ಹಿಡಿಯುತ್ತೆ. ಒಂದೇ ವಾಕ್ಯ ಮೂರು ಸಲ ತಿರುಗುತ್ತೆ, ಸ್ಟುಡಿಯೋದಲ್ಲಿ ಕೂತವರು ಅದನ್ನೇ ನಾಲ್ಕನೇ ಸಲ ಪ್ರಶ್ನೆಯಾಗಿ ಕೇಳ್ತಾರೆ.

ಪಟ್ಟಿ ಬರಹದ ಕಥೆ ಬೇರೆ. ಪರದೆ ಕೆಳಗಿನ ದೊಡ್ಡಕ್ಷರದ ಪಟ್ಟಿಲಿ ನಾಲ್ಕೈದು ಪದ ಹಿಡಿದರೆ ಹೆಚ್ಚು. ಅದಕ್ಕೇ "ಗರಂ", "ಶಾಕ್", "ಫಿಕ್ಸ್", "ಕಿಡಿ", "ಪಕ್ಕಾ". "ಅಸಮಾಧಾನ ವ್ಯಕ್ತಪಡಿಸಿದರು" ಹಾಕೋಕೆ ಜಾಗ ಇರಲ್ಲ. ಆದ್ರೆ ಇದರಿಂದ ಆಗೋ ನಷ್ಟ ನೋಡಿ: ಮಂತ್ರಿ ಸಭೇಲಿ ಒಂದು ಪ್ರಶ್ನೆ ಕೇಳಿದ್ರೂ "ಗರಂ", ಅಧಿಕಾರಿನ ಅಮಾನತು ಮಾಡಿದ್ರೂ "ಗರಂ". ಏನು ನಡೀತು ಅಂತ ಪಟ್ಟಿ ನೋಡಿದವರಿಗೆ ತಿಳಿಯಲ್ಲ. "ಪ್ರಶ್ನಿಸಿದ ಸಚಿವ", "ಅಧಿಕಾರಿ ಅಮಾನತು" ಇವೂ ಎರಡೇ ಪದ. ಮನಸ್ಸು ಮಾಡಿದರೆ ಚಿಕ್ಕದಾಗಿಯೇ ನಿಜ ಹೇಳಬಹುದು.

ಹೊಸಬರಿಗೆ ನಾನು ಹೇಳೋದು ಇದು. ಲೈವ್ ಮುಂಚೆ ಅಂಗೈಯಷ್ಟು ಚೀಟಿ ಮೇಲೆ ಐದು ಉತ್ತರ ಬರಕೊಳ್ಳಿ: ಎಲ್ಲಿ, ಯಾವಾಗ, ಎಷ್ಟು, ಈಗ ಹೇಗಿದೆ, ಮುಂದೆ ಯಾವಾಗ ತಿಳಿಯುತ್ತೆ. ಐದೂ ಹೇಳಿ ಮುಗಿದ ಮೇಲೆ "ಇಷ್ಟು ಮಾಹಿತಿ ಇದೆ" ಅಂತ ನಿಲ್ಲಿಸಿ. ಒಳಗಿನವರು ಎಳಿ ಅಂದ್ರೆ, ನಿಂತ ಜಾಗ ವರ್ಣಿಸಿ: ಮಣ್ಣು ರಸ್ತೆಯ ಎಷ್ಟು ಭಾಗಕ್ಕೆ ಬಂದಿದೆ, ಎಷ್ಟು ಜೆಸಿಬಿ ಇವೆ, ಸಾಲು ಎಲ್ಲಿವರೆಗೆ ನಿಂತಿದೆ. ಕಣ್ಣಿಗೆ ಕಾಣೋದನ್ನು ಹೇಳುವಾಗ ಪೊಳ್ಳು ಪದ ತಾನಾಗೇ ಉದುರುತ್ತೆ.

ಯಗಚಿ ದಂಡೆ, ಬೇಲೂರು

ಇದು ಉಪಯೋಗದ ಮಾತು. ಆದ್ರೆ ಸ್ಟುಡಿಯೋದವರು? ಅವರಿಗೆ ಮಳೆ ಇಲ್ಲ, ಕಿವಿಲಿ ಕೂಗೋರು ಇದ್ರೂ ಎದುರಿಗೆ ಬರೆದಿಟ್ಟ ಪಠ್ಯ ಇರುತ್ತೆ. ಅಲ್ಲೂ "ಬೆಚ್ಚಿಬೀಳಿಸುವ ಸ್ಫೋಟಕ ಮಾಹಿತಿ" ಯಾಕೆ?

ಡೆಸ್ಕ್ ನಂಬರ್ 4

ಅದಕ್ಕೆ ಸಮರ್ಥನೆ ಇಲ್ಲ. ಜಾಹೀರಾತಿಗೆ ಹೋಗೋ ಮುಂಚೆ ಜನ ಚಾನೆಲ್ ಬದಲಿಸದೆ ಇರಲಿ ಅಂತ ಹಾಕೋದು, ಅಷ್ಟೇ.

ಮೂಡಿಗೆರೆ ರೊಬಸ್ಟಾ

ನನ್ನ ದೂರು "ಅಕಾಲಿಕ ಮಳೆ". ಫೆಬ್ರವರಿ ಕೊನೇಲಿ, ಮಾರ್ಚ್‌ನಲ್ಲಿ ನಮ್ಮ ಕಡೆ ಮಳೆ ಬಿದ್ರೆ ಸಾಕು, "ಅಕಾಲಿಕ ಮಳೆ, ಕಾಫಿ ಬೆಳೆಗಾರ ಕಂಗಾಲು" ಅಂತ ಬರುತ್ತೆ. ಅದು ಅಕಾಲಿಕ ಅಲ್ಲ, ಅದು ಹೂಮಳೆ! ರೊಬಸ್ಟಾ ಗಿಡದಲ್ಲಿ ಮೊಗ್ಗು ಕಟ್ಟಿ ನಿಂತಿರುತ್ತೆ, ಒಂದು ಇಂಚಿನ ಆಸುಪಾಸು ಮಳೆ ಒಟ್ಟಿಗೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಬಿಳಿ ಆಗುತ್ತೆ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ಬ್ಯಾಕಿಂಗ್ ಅಂತೀವಿ, ಅದು ಬಂದ್ರೆ ಕಾಯಿ ನಿಲ್ಲುತ್ತೆ. ಬರದಿದ್ರೆ ತುಂತುರು ನೀರಾವರಿಗೆ ಡೀಸೆಲ್ ಸುಡಬೇಕು. ಬೆಳೆಗಾರ ಕಂಗಾಲಾಗೋದು ಆ ಮಳೆ ಬಾರದೇ ಇದ್ದಾಗ, ಇಲ್ಲಾ ಮೊಗ್ಗು ಅರ್ಧ ಬಿಚ್ಚೋ ಹಾಗೆ ಹತ್ತಿಪ್ಪತ್ತು ಸೆಂಟು (ಸೆಂಟು ಅಂದ್ರೆ ಇಂಚಿನ ನೂರನೇ ಒಂದು ಭಾಗ) ಹನಿಸಿ ಹೋದಾಗ.

ನಿಜವಾದ ಅಕಾಲಿಕ ಮಳೆ ಅಂದ್ರೆ ಡಿಸೆಂಬರ್, ಜನವರಿದು. ಅರೇಬಿಕಾ ಹಣ್ಣು ಕೊಯ್ದು ಕಣದಲ್ಲಿ ಹರವಿದಾಗ, ರೊಬಸ್ಟಾ ಗಿಡದಲ್ಲೇ ಹಣ್ಣಾಗಿ ನಿಂತಾಗ. ಆಗ ಹಣ್ಣು ಉದುರುತ್ತೆ, ಕಣದಲ್ಲಿ ಬೂಷ್ಟು ಹಿಡಿಯುತ್ತೆ. ಯಾವ ತಿಂಗಳು, ಯಾವ ಬೆಳೆ ಅಂತ ನೋಡದೆ ಒಂದೇ ಮಾತು ಒಗೆದ್ರೆ ಲಾಭದ ಸುದ್ದಿ ನಷ್ಟದ ಸುದ್ದಿ ಆಗುತ್ತೆ.

ಹೊಳೆ ಪಕ್ಕ, ಹೊಳೆನರಸೀಪುರ

ಮಳೆ ಪದ ತೆಗೆದ್ರಲ್ಲ, ಪಟ್ಟಿ ಮಾಡೋಣ. ವರುಣಾರ್ಭಟ, ರಣಭೀಕರ ಮಳೆ, ಮಳೆರಾಯನ ರುದ್ರನರ್ತನ, ಕುಂಭದ್ರೋಣ, ಜಲಪ್ರಳಯ, ಮೇಘಸ್ಫೋಟ. ಇದರಲ್ಲಿ ಯಾವುದು ಜಾಸ್ತಿ ಯಾವುದು ಕಮ್ಮಿ ಯಾರಾದ್ರೂ ಹೇಳಿ.

ಹವಾಮಾನ ಇಲಾಖೆಗೆ ಸ್ಪಷ್ಟವಾದ ಅಳತೆ ಇದೆ. ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ 64.5 ಮಿ.ಮೀ. ದಾಟಿದ್ರೆ "ಭಾರೀ", 115.6 ದಾಟಿದ್ರೆ "ಅತಿ ಭಾರೀ", 204.4ಕ್ಕಿಂತ ಮೇಲೆ "ಅತ್ಯಂತ ಭಾರೀ". ಮೇಘಸ್ಫೋಟ ಅಂದ್ರೆ ಇಪ್ಪತ್ತು ಮೂವತ್ತು ಚದರ ಕಿ.ಮೀ. ಜಾಗದಲ್ಲಿ ಒಂದೇ ಗಂಟೇಲಿ 100 ಮಿ.ಮೀ. ಇಡೀ ದಿನ ಸುರಿದ 100 ಮಿ.ಮೀ. ಮೇಘಸ್ಫೋಟ ಅಲ್ಲ. ಮಲೆನಾಡಲ್ಲಿ ಜುಲೈನಲ್ಲಿ ಅದು ಮಾಮೂಲಿ.

ಮೂಡಿಗೆರೆ ರೊಬಸ್ಟಾ

ತೋಟದವರಿಗೆ ಇಂಚಲ್ಲಿ ಹೇಳ್ತೀನಿ. ಎರಡೂವರೆ ಇಂಚು ಭಾರೀ, ನಾಲ್ಕೂವರೆ ಅತಿ ಭಾರೀ, ಎಂಟು ಇಂಚು ದಾಟಿದ್ರೆ ಅತ್ಯಂತ ಭಾರೀ. ತೋಟದ ಮಳೆಮಾಪಕದ ಲೆಕ್ಕಕ್ಕೆ ಹೊಂದುತ್ತೆ.

ಹೊಳೆ ಪಕ್ಕ, ಹೊಳೆನರಸೀಪುರ

ಇನ್ನೊಂದು, "ಲಕ್ಷಾಂತರ ಕ್ಯೂಸೆಕ್ ನೀರು ಸಂಗ್ರಹ". ಕ್ಯೂಸೆಕ್ ಅಂದ್ರೆ ಹರಿವಿನ ಪ್ರಮಾಣ, ಸೆಕೆಂಡಿಗೆ ಒಂದು ಘನ ಅಡಿ, ಅಂದ್ರೆ 28 ಲೀಟರ್ ಚಿಲ್ಲರೆ. ಸಂಗ್ರಹಕ್ಕೆ ಟಿಎಂಸಿ, ಅಂದ್ರೆ ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದ್ರೆ ಒಂದು ಟಿಎಂಸಿ. ಗೊರೂರಿನ ಹೇಮಾವತಿ ಜಲಾಶಯದ ಪೂರ್ಣ ಮಟ್ಟ 2,922 ಅಡಿ, ಸಾಮರ್ಥ್ಯ 37.103 ಟಿಎಂಸಿ. ಕೆಳಗಿರೋ ನಮಗೆ ಬೇಕಾದ್ದು ಮೂರೇ ಅಂಕಿ: ಇವತ್ತಿನ ಮಟ್ಟ, ಒಳಹರಿವು, ಹೊರಹರಿವು. "ಪ್ರವಾಹ ಭೀತಿ, ಜನರಲ್ಲಿ ಢವಢವ" ಅಂದ್ರೆ ಎತ್ತು ಕರು ಯಾವಾಗ ಮೇಲಕ್ಕೆ ಹೊಡೀಬೇಕು ಅಂತ ಹೇಗೆ ತೀರ್ಮಾನ ಮಾಡೋದು?

ಕಡೂರು ತೆಂಗು

"ಕಾಫಿನಾಡಿನಲ್ಲಿ ಭೀಕರ ಬರ". ಕಾಫಿನಾಡು ಅಂದ ತಕ್ಷಣ ಬೆಂಗಳೂರಿನವರ ಕಣ್ಣಿಗೆ ಹಸಿರು ಬೆಟ್ಟ, ಮಂಜು. ಬರ ಇರೋದು ನಮ್ಮ ಕಡೂರಿನಲ್ಲಿ. ಇಲ್ಲಿ ತೆಂಗು, ರಾಗಿ. ಕಾಫಿ ಗಿಡ ಹುಡುಕಿದ್ರೂ ಸಿಗಲ್ಲ. ಅಜ್ಜಂಪುರ ಕಡೆಗೂ ಇದೇ ಕಥೆ. ಟ್ಯಾಂಕರ್ ನೀರಿಗೆ ಕಾಯೋ ಊರಿನ ಸುದ್ದಿಗೆ ಕಾಫಿನಾಡು ಅಂತ ತಲೆಬರಹ ಹಾಕಿದ್ರೆ ನಮ್ಮ ಕಷ್ಟ ಯಾರ ತಲೆಗೂ ಹೋಗಲ್ಲ. ತಾಲ್ಲೂಕಿನ ಹೆಸರು ಹಾಕಿ. ಕಡೂರು ಅನ್ನೋದು ಮೂರೇ ಅಕ್ಷರ.

ಅರಸೀಕೆರೆ ಜಂಕ್ಷನ್

ನಮ್ಮದೂ ಅದೇ. ಸಕಲೇಶಪುರದಲ್ಲಿ ಗುಡ್ಡ ಕುಸಿಯೋ ಮಳೆ ಬಂದ ದಿನ ಅರಸೀಕೇರೀಲಿ ಧೂಳು ಹಾರ್ತಿರುತ್ತೆ. "ಹಾಸನದಲ್ಲಿ ಮಳೆ ಅಬ್ಬರ" ಅಂದ್ರೆ ಯಾವ ಹಾಸನ? ಊರಿಗೊಂದು ಬಿರುದು ಕೊಡೋ ಚಾಳಿ ರಾಜ್ಯದ ತುಂಬಾ ಇದೆ. ಸಕ್ಕರೆ ನಾಡು, ಬೆಣ್ಣೆ ನಗರಿ, ಕುಂದಾನಗರಿ, ಗುಮ್ಮಟನಗರಿ, ಬಡವರ ಊಟಿ. ಒಂದೇ ಸುದ್ದೀಲಿ ಊರಿನ ಹೆಸರು ಎರಡು ಸಲ ಬರಬಾರದು ಅಂತ ಯಾರೋ ಕಲಿಸಿದ್ದಾರೆ, ಅದಕ್ಕೆ ಈ ಬಿರುದು. ಎರಡು ಸಲ ಬಂದ್ರೆ ತಪ್ಪೇನಿಲ್ಲ.

ಕೆ.ಆರ್.ಪುರಂ ಹುಡುಗಿ, ಹಾಸನ

"ಚಿಕ್ಕಮಂಗಳೂರು" ಅನ್ನೋರನ್ನ ಏನು ಮಾಡೋಣ? ಮ ಮೇಲೆ ಸೊನ್ನೆ ಎಲ್ಲಿಂದ ಬಂತು?

ಕನ್ನಡ ಮೇಷ್ಟ್ರು

ಮಂಗಳೂರಿನ ಗುಂಗು. ಸ್ಥಳದ ಐತಿಹ್ಯದಲ್ಲಿ ಇದು ಚಿಕ್ಕ ಮಗಳ ಊರು, ಸಖರಾಯಪಟ್ಟಣದ ದೊರೆ ರುಕ್ಮಾಂಗದ ತನ್ನ ಕಿರಿ ಮಗಳಿಗೆ ಬಳುವಳಿ ಕೊಟ್ಟದ್ದು ಅಂತ. ಐತಿಹ್ಯ ನಂಬದವರೂ ಪಕ್ಕದ ಹಿರೇಮಗಳೂರನ್ನು ನೋಡಿದರೆ ಸಾಕು, ಅಲ್ಲಿ ಯಾರೂ ಸೊನ್ನೆ ಸೇರಿಸುವುದಿಲ್ಲ.

ಕಡೂರು ತೆಂಗು

ಹಿರೇಮಗಳೂರು ಅಂದ್ರಿ, ಅಲ್ಲಿ ಕೋದಂಡರಾಮ ದೇವಸ್ಥಾನದಲ್ಲಿ ಪೂಜೆನೇ ಕನ್ನಡದಲ್ಲಿ ನಡೆಯುತ್ತೆ. ದೇವರಿಗೆ ಅರ್ಥ ಆಗೋ ಕನ್ನಡ ಸುದ್ದಿಗೆ ಯಾಕೆ ಸಾಲಲ್ಲ?

ಆಲೂರು ತೋಟ

ಆನೆ ವಿಷಯಕ್ಕೆ ಬರ್ತೀನಿ, ಇದು ಪ್ರಾಣದ ಪ್ರಶ್ನೆ. "ಪುಂಡಾನೆ ಅಟ್ಟಹಾಸ", "ಗಜರಾಜನ ದಾಂಧಲೆ". ಆನೆ ಅಟ್ಟಹಾಸ ಮಾಡಲ್ಲ. ಅದು ಹಲಸು, ಬಾಳೆ, ಭತ್ತ ತಿನ್ನೋಕೆ ಬರುತ್ತೆ, ಹಗಲು ತೋಟದ ನೆರಳಲ್ಲಿ ನಿಲ್ಲುತ್ತೆ, ಸಂಜೆ ಮತ್ತೆ ಹೊರಡುತ್ತೆ.

ಅರಣ್ಯ ಇಲಾಖೆ ಆನೆ ಕಾರ್ಯಪಡೆ ಕಳಿಸೋ ಮೊಬೈಲ್ ಸಂದೇಶ ಓದಿ ನೋಡಿ. ಯಾವ ಊರು, ಯಾವ ತೋಟ, ಗುಂಪೋ ಒಂಟಿಯೋ, ಎಷ್ಟು, ಯಾವ ಕಡೆ ಹೊರಟಿವೆ. ಒಂದೇ ಒಂದು ಗುಣವಾಚಕ ಇಲ್ಲ. ಅದನ್ನು ಓದಿ ಕೂಲಿಯವರು ಆ ದಿನ ತೋಟದ ಆ ಭಾಗಕ್ಕೆ ಹೋಗಲ್ಲ, ಮಕ್ಕಳನ್ನು ಶಾಲೆಗೆ ಜೀಪಲ್ಲಿ ಕಳಿಸ್ತಾರೆ. ಕನ್ನಡದಲ್ಲಿ ಸುದ್ದಿ ಹೇಗೆ ಬರೀಬೇಕು ಅನ್ನೋದಕ್ಕೆ ಆ ಸಂದೇಶವೇ ಪಾಠ.

ಒಂಟಿ ಅಂದ್ರೆ ಹೆಚ್ಚಾಗಿ ಗಂಡು, ಮದ ಬಂದಿದ್ರೆ ಹತ್ತಿರ ಸುಳೀಬಾರದು. ಗುಂಪಲ್ಲಿ ಮರಿ ಇದ್ರೆ ತಾಯಿ ಏರಿ ಬರುತ್ತೆ. ಎರಡಕ್ಕೂ ಎಚ್ಚರಿಕೆ ಬೇರೆ ಬೇರೆ. ಎರಡನ್ನೂ "ಪುಂಡಾನೆ" ಅಂದ್ರೆ ಆ ವ್ಯತ್ಯಾಸ ಹೋಯ್ತು. ದಂತ ಇಲ್ಲದ ಗಂಡು, ಅಂದ್ರೆ ಮಖನಾ, ಅದನ್ನು ಹೆಣ್ಣಾನೆ ಅಂತ ತೋರಿಸೋದೂ ಉಂಟು.

ಕೊಪ್ಪದ ಅಡಿಕೆ

+1. "ಕಾಡಾನೆ ದಾಳಿಗೆ ಮತ್ತೊಂದು ಬಲಿ" ಅನ್ನೋದರಲ್ಲಿ "ಬಲಿ"ಯೂ ಬೇಡ. ಬಲಿ ಯಾರೋ ಕೊಡೋದು. ಇಲ್ಲಿ ಮನುಷ್ಯ ಸತ್ತಿದ್ದಾನೆ.

ಸ್ಟೆತಸ್ಕೋಪ್

ಹಾಸನದವರು ಮರೆಯಬಾರದ ಒಂದು ಪದ "ಸರಣಿ". 2025ರ ಜೂನ್, ಜುಲೈನಲ್ಲಿ "ಹೃದಯಾಘಾತಕ್ಕೆ ಸರಣಿ ಸಾವು" ಅಂತ ದಿನವೂ ಎಣಿಕೆ ಹಾಕಿ ತೋರಿಸಿದರು. ಸರಣಿ ಅಂದರೆ ಒಂದಕ್ಕೊಂದು ಕೊಂಡಿ ಇದೆ ಅಂತ ಅರ್ಥ ಬರುತ್ತದೆ, ಕೊಲೆಗಳಿಗೆ ಬಳಸುವ ಪದ ಅದು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ನಸುಕಿಗೇ ಸಾಲು ನಿಂತರು. ನಿಜವಾಗಿ ತುರ್ತು ಇದ್ದ ರೋಗಿಗಳಿಗೆ ಇದರಿಂದ ಅಡಚಣೆ. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಕೊನೆಗೆ ಹೇಳಿದ್ದು, ಜಿಲ್ಲೆಯಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಅಂತ.

ಇನ್ನೊಂದು ತಪ್ಪು, ಕುಸಿದು ಬಿದ್ದವರೆಲ್ಲ "ಹೃದಯಾಘಾತ". ಹೃದಯಾಘಾತ ಅಂದರೆ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು. ಸಾಮಾನ್ಯವಾಗಿ ಎದೆನೋವು, ಬೆವರು, ಎಡಗೈ ಅಥವಾ ದವಡೆ ನೋವು ಇರುತ್ತದೆ. ರೋಗಿ ಮಾತಾಡುತ್ತಿರುತ್ತಾನೆ, ಇಸಿಜಿ ಮಾಡಿಸಿ ಉಳಿಸಬಹುದು. ಹೃದಯ ಸ್ತಂಭನ ಅಂದರೆ ಬಡಿತವೇ ನಿಂತಿರುವುದು. ಪ್ರಜ್ಞೆ ಇಲ್ಲ, ಸಹಜ ಉಸಿರಿಲ್ಲ. 108ಕ್ಕೆ ಕರೆ ಮಾಡಿಸಿ ಆ ಕ್ಷಣವೇ ಎದೆಯ ಮಧ್ಯೆ ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಎರಡಕ್ಕೂ ಮಾಡಬೇಕಾದ್ದು ಬೇರೆ, ಹೆಸರೂ ಬೇರೆ ಇರಲಿ. ಕಾರಣ ಇನ್ನೂ ತಿಳಿದಿಲ್ಲದಿದ್ದರೆ "ಕುಸಿದು ಬಿದ್ದು ಮೃತಪಟ್ಟರು" ಅಷ್ಟೇ ಸಾಕು.

ಹೊಳೆ ಪಕ್ಕ, ಹೊಳೆನರಸೀಪುರ

ಈ ಉತ್ತರ ಎಲ್ಲ ಗ್ರೂಪಿಗೂ ಹಾಕ್ತಿದ್ದೀನಿ.

ಕೊಪ್ಪದ ಅಡಿಕೆ

ಟೀವಿ ಆಯ್ತು, ದಿನದ ಮಾತಿಗೆ ಬನ್ನಿ. "ಆಕ್ಚುಲಿ", "ಬೇಸಿಕಲಿ", "ಸೋ". ಫೋನ್ ಎತ್ತಿದ ಕೂಡ್ಲೆ "ಸೋ ಆಕ್ಚುಲಿ ಏನಂದ್ರೆ". ಎಂತ ಮಾರಾಯ್ರೆ ಇದು?

ಕೆ.ಆರ್.ಪುರಂ ಹುಡುಗಿ, ಹಾಸನ

ನೀವು "ಮಾರಾಯ್ರೆ" ಅಂದ್ರಲ್ಲ, ಅದೂ ಅದೇ ಜಾತಿ ಅಲ್ವಾ? ನಾವು ಹಾಸನದಲ್ಲಿ "ಕಣೋ", "ಕಣಪ್ಪ" ಅಂತೀವಿ. "ಬ್ರೋ" ಅಂದ್ರೆ ಮಾತ್ರ ಯಾಕೆ ಹಿರಿಯರಿಗೆ ಉರಿ?

ಕೊಪ್ಪದ ಅಡಿಕೆ

ಮಾರಾಯ ಅನ್ನೋದು ಆತ್ಮೀಯತೆ. ಅಪರಿಚಿತರಿಗೆ ಯಾರೂ ಹಾಗೆ ಅನ್ನಲ್ಲ.

ಕನ್ನಡ ಮೇಷ್ಟ್ರು

ಹುಡುಗಿಯ ಪ್ರಶ್ನೆಯಲ್ಲಿ ಹುರುಳಿದೆ. ಮಾತಿನ ನಡುವೆ ತುಂಬುವ ಪದ ಎಲ್ಲ ಭಾಷೆಯಲ್ಲೂ ಇವೆ. ಆದರೆ ಎರಡು ಬಗೆ. "ಕಣೋ", "ಮಾರಾಯ", "ರೀ", "ಬ್ರೋ" ಇವು ಕೇಳುವವರ ಕಡೆ ತಿರುಗಿದ ಪದ, ಸಂಬಂಧ ತೋರಿಸುತ್ತವೆ. "ಬಂದ್ಬಿಟ್ಟು", "ಬೇಸಿಕಲಿ", "ಅದೇನಂದ್ರೆ" ಇವು ಹೇಳುವವನಿಗೆ ಯೋಚಿಸಲು ಸಮಯ ಕೊಡುವ ಪದ. ಎದುರಾಎದುರು ಮಾತಿನಲ್ಲಿ ಎರಡೂ ಸಹಜ, ಯಾರನ್ನೂ ಬೈಯುವ ಹಾಗಿಲ್ಲ. ಬರೆದು ಓದುವಾಗ, ಮೊದಲೇ ಸಿದ್ಧವಾಗಿ ಬಂದು ಮಾತಾಡುವಾಗ ಎರಡನೇ ಬಗೆಯವು ಬಂದರೆ ತಯಾರಿ ಇಲ್ಲ ಅಂತ ಅರ್ಥ. ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿ, ಅಲ್ಲಿ ಒಂದೂ ಸಿಗುವುದಿಲ್ಲ, ಬರೆದದ್ದನ್ನು ಓದುತ್ತಾರೆ.

ಹಾಗೆಯೇ "ಹಾಸನ" ಬದಲು "ಆಸನ" ಅನ್ನುವವರನ್ನು ಈ ಪಟ್ಟಿಗೆ ಸೇರಿಸಬೇಡಿ. ಹಕಾರ ಬಿಡುವುದು ಆಡುಮಾತಿನ ರೂಢಿ, ಪೊಳ್ಳು ಮಾತಲ್ಲ.

ಅರಸೀಕೆರೆ ಜಂಕ್ಷನ್

ರಿಯಾಲಿಟಿ ಶೋ ಯಾರೂ ಮುಟ್ಟಲಿಲ್ಲ. "ಜರ್ನಿ", "ವೈಬ್", "ನೆಕ್ಸ್ಟ್ ಲೆವೆಲ್", "ಗೂಸ್‌ಬಂಪ್ಸ್", "ಬೆಂಕಿ ಪರ್ಫಾರ್ಮೆನ್ಸ್". ಹಾಡಿನ ಸ್ಪರ್ಧೇಲಿ ತೀರ್ಪುಗಾರರು ಶ್ರುತಿ ಎಲ್ಲಿ ಜಾರಿತು, ಉಸಿರು ಎಲ್ಲಿ ಸಾಲಲಿಲ್ಲ, ಚರಣ ಎತ್ತುವಾಗ ತಾಳ ಯಾಕೆ ಓಡಿತು ಅಂತ ಹೇಳಿದ್ರೆ ಮನೇಲಿ ಕೂತ ಮಕ್ಕಳೂ ಕಲೀತಾರೆ. "ಬೆಂಕಿ" ಅಂದ್ರೆ ಏನು ಕಲಿಯೋದು?

ಮೈಕ್‌ಸೆಟ್

ಸಭೆ ಸಮಾರಂಭಕ್ಕೆ ಧ್ವನಿವರ್ಧಕ ಹಾಕೋನು ನಾನು, ಈ ಮಾತುಗಳನ್ನು ಕೇಳೋದೇ ಕಸುಬು. "ವೇದಿಕೆಯ ಮೇಲೆ ಆಸೀನರಾಗಿರುವಂತಹ ಮಾನ್ಯ ಶಾಸಕರಾದಂತಹ ಶ್ರೀಯುತ ಇಂಥವರು ಜ್ಯೋತಿ ಬೆಳಗಿಸುವುದರ ಮುಖಾಂತರ ಕಾರ್ಯಕ್ರಮಕ್ಕೆ ಚಾಲನೆ ನೀಡಬೇಕೆಂದು ಈ ಶುಭ ಸಂದರ್ಭದಲ್ಲಿ ತಮ್ಮೆಲ್ಲರ ಪರವಾಗಿ ಕೋರಿಕೊಳ್ಳುತ್ತೇನೆ." ಇದು ಹೀಗಿದ್ರೆ ಸಾಕು: "ಶಾಸಕರು ದೀಪ ಬೆಳಗಿಸುತ್ತಾರೆ." ವೇದಿಕೆ ಮೇಲೆ ಹನ್ನೆರಡು ಜನ ಇದ್ರೆ ಪ್ರತಿಯೊಬ್ಬರಿಗೂ ಹೀಗೇ, ಸ್ವಾಗತಕ್ಕೊಮ್ಮೆ, ಹಾರಕ್ಕೊಮ್ಮೆ, ಭಾಷಣಕ್ಕೊಮ್ಮೆ, ವಂದನಾರ್ಪಣೆಗೊಮ್ಮೆ. ಶಾಲಾ ವಾರ್ಷಿಕೋತ್ಸವದಲ್ಲಿ ಬಣ್ಣ ಹಚ್ಚಿಕೊಂಡ ಮಕ್ಕಳು ನಿದ್ದೆಗೆ ಜಾರಿರ್ತಾರೆ.

ನಿರೂಪಣೆ ಮಾಡೋರಿಗೆ ನನ್ನ ಸಲಹೆ: ಆಹ್ವಾನ ಪತ್ರಿಕೆ ನೋಡಿ ಹೆಸರು, ಹುದ್ದೆ ಒಂದೇ ಸಲ ಹೇಳಿ. ಎರಡನೇ ಸಲ ಹೆಸರು ಮಾತ್ರ. ಹಾರ ತುರಾಯಿ ಎಲ್ಲರಿಗೂ ಒಟ್ಟಿಗೆ. "ಹೆಚ್ಚು ಮಾತನಾಡದೆ" ಅಂತ ಶುರು ಮಾಡೋ ಭಾಷಣಕಾರರಿಗೆ ಮುಂಚೆನೇ ಚೀಟೀಲಿ ಹೊತ್ತು ಬರೆದು ಕೊಡಿ.

ಕನ್ನಡ ಮೇಷ್ಟ್ರು

ಆಹ್ವಾನ ಪತ್ರಿಕೆಯ "ರವರು" ಕೂಡ. "ಶ್ರೀ ಇಂಥವರು ರವರು" ಅಂತ ಬಿಡಿಸಿ ಬರೆಯುತ್ತಾರೆ. ಕನ್ನಡದಲ್ಲಿ "ರವರು" ಅನ್ನುವ ಪದ ಇಲ್ಲ, ಇರುವುದು "ಅವರು". ಹೆಸರು ಬರೆದು, ಜಾಗ ಬಿಟ್ಟು, "ಅವರು" ಅಂತ ಬರೆಯಿರಿ.

ಅರ್ಜಿ ಬರೆಯುವವ

ಕಚೇರಿ ಮಾತು ಯಾರೂ ಹೇಳಿಲ್ಲ. "ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು." ಯಾರು ಪರಿಶೀಲಿಸ್ತಾರೆ? ಯಾವಾಗ? "ಲಾಗುವುದು" ಅಂದ ಕೂಡಲೇ ಕರ್ತೃ ಮಾಯ. ಮೇಷ್ಟ್ರು ಹೇಳಿದ "ಅಂಥದ್ದು" ಮಾಡೋ ಕೆಲಸವನ್ನೇ ಕಾಗದದ ಮೇಲೆ ಇದು ಮಾಡುತ್ತೆ. ಬಾಯಲ್ಲಿ ಹೇಳುವಾಗ ಅದೇ "ಪ್ರೊಸೆಸ್‌ನಲ್ಲಿದೆ", "ಸರ್ವರ್ ಡೌನ್", "ಮೇಲಿಂದ ಬರಬೇಕು".

ಇದಕ್ಕೆ ಮದ್ದು ಇದೆ. ಸರ್ಕಾರಿ ಸೇವೆಗೆ ಗಡುವು ಹಾಕೋ ಸಕಾಲ ಕಾಯ್ದೆ, 2011ರದು. ಅದರ ಪಟ್ಟಿಯಲ್ಲಿರೋ ಸೇವೆಗೆ, ಜಾತಿ ಆದಾಯ ಪ್ರಮಾಣಪತ್ರದಂಥವಕ್ಕೆ, ಅರ್ಜಿ ಕೊಟ್ಟ ದಿನವೇ 15 ಅಂಕಿಯ ಜಿಎಸ್‌ಸಿ ಸಂಖ್ಯೆ (ಸಕಾಲದ ಅರ್ಜಿ ಸಂಖ್ಯೆ) ಇರೋ ಸ್ವೀಕೃತಿ ಕೇಳಿ ತಗೊಳ್ಳಿ. ಕೊನೇ ದಿನಾಂಕ ಅದರಲ್ಲೇ ಇರುತ್ತೆ. "ಪ್ರೊಸೆಸ್‌ನಲ್ಲಿದೆ" ಅಂದಾಗ ಆ ಸಂಖ್ಯೆ ತೋರಿಸಿ "ಈಗ ಯಾರ ಮೇಜಿನಲ್ಲಿದೆ, ಯಾವತ್ತಿನಿಂದ?" ಅಂತ ಕೇಳಿ. ಗಡುವು ದಾಟಿದ್ರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ. ತಡವಾದ ದಿನಕ್ಕೆ 20 ರೂಪಾಯಿ ಲೆಕ್ಕದಲ್ಲಿ ಗರಿಷ್ಠ 500 ರೂಪಾಯಿವರೆಗೆ ಪರಿಹಾರ.

ಕಡೂರು ತೆಂಗು

ಸ್ವೀಕೃತಿ ಕೇಳಿದ್ರೆ "ಅಡ್ಜಸ್ಟ್ ಮಾಡ್ಕೊಳ್ಳಿ, ಪ್ರಿಂಟರ್ ಕೆಟ್ಟಿದೆ" ಅಂತಾರೆ.

ಅರ್ಜಿ ಬರೆಯುವವ

ಪ್ರಿಂಟ್ ಬೇಕಾಗಿಲ್ಲ. ಅರ್ಜಿಯಲ್ಲಿ ಮೊಬೈಲ್ ನಂಬರ್ ಸರಿಯಾಗಿ ಕೊಟ್ಟಿದ್ರೆ ಸಂಖ್ಯೆ ಸಂದೇಶದಲ್ಲೂ ಬರುತ್ತೆ. ಕಿಟಕಿ ಬಿಟ್ಟು ಬರೋ ಮುಂಚೆ ಬಂತಾ ನೋಡಿಕೊಳ್ಳಿ. ಬಂದಿಲ್ಲ ಅಂದ್ರೆ ಅರ್ಜಿ ಇನ್ನೂ ಕಂಪ್ಯೂಟರಿಗೆ ಹತ್ತಿಲ್ಲ ಅಂತ ತಿಳೀರಿ.